ಲೇಔಟ್‌ಗಳು ಹೆಚ್ಚುತ್ತಿವೆ, ಗುಳೆ ನಿಲ್ಲುತ್ತಿಲ್ಲ

ತುಂಗಭದ್ರೆಯ ದಡದಲ್ಲಿರುವ ಹಲವಾಗಲು ಗ್ರಾಮದ ಹೆಸರು ರಾಜಧಾನಿಯಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ನಾವರಿಯೆವು. ಆದರೆ ಆ ಸೀಮೆಯ ಬೆವರು ರಾಜಧಾನಿಗೆ ಚೆನ್ನಾಗಿ ಗೊತ್ತಿದೆ. ಹರಪನಹಳ್ಳಿ, ಕೂಡ್ಲಿಗಿ, ಹೂವಿನಹಡಗಲಿ ತಾಲೂಕುಗಳ ಹಳ್ಳಿ ಮತ್ತು ತಾಂಡಾಗಳಿಂದ ಪ್ರತಿ ವರ್ಷ ಸುಗ್ಗಿ ಮುಗಿಯುತ್ತಲೇ ಜನರು ಗಂಟುಮೂಟೆ ಕಟ್ಟುತ್ತಾರೆ. ಕೆಲವರು ಬೆಂಗಳೂರಿನ ಕಟ್ಟಡಗಳಿಗೆ, ಕೆಲವರು ಮಲೆನಾಡಿನ ಕಾಫಿ ತೋಟಗಳಿಗೆ, ಇನ್ನು ಕೆಲವರು ಕಬ್ಬು ಕಡಿಯಲು ಹೊರಡುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಗೈರು ಬೀಳುತ್ತದೆ, ಮುದುಕರು ಜಗಲಿಯಲ್ಲಿ ಉಳಿಯುತ್ತಾರೆ. ಇದಕ್ಕೆ ನಾವು ಗುಳೆ ಎಂದು ಹೆಸರಿಟ್ಟಿದ್ದೇವೆ. ಹೆಸರಿಟ್ಟ ಮೇಲೆ ಅದನ್ನು ಮಳೆ-ಬಿಸಿಲಿನಂತೆ ಪ್ರಕೃತಿಯ ನಿಯಮವೆಂದು ಒಪ್ಪಿಕೊಂಡು ಬಿಟ್ಟಿದ್ದೇವೆ.

ಅಷ್ಟಕ್ಕೂ ಗುಳೆ ಪ್ರಕೃತಿಯ ನಿಯಮವೇ? ಖಂಡಿತ ಅಲ್ಲ. ಅದು ಆಡಳಿತದ ವೈಫಲ್ಯ. ನಗರಗಳನ್ನು ಎಲ್ಲಿ, ಯಾರಿಗಾಗಿ, ಹೇಗೆ ಬೆಳೆಸಬೇಕೆಂಬ ಪ್ರಶ್ನೆಯನ್ನು ನಾವು ಭೂಮಿಯ ದಲ್ಲಾಳಿಗಳ ಕೈಗೆ ಒಪ್ಪಿಸಿದುದರ ಫಲ ಅದು.

ಹರಪನಹಳ್ಳಿಯ ಇತಿಹಾಸವನ್ನೇ ನೋಡಿರಿ. 1953ರ ತನಕ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯೊಂದಿಗೆ ಅದು ಮೈಸೂರಿಗೆ ಬಂತು. 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಅದನ್ನು ಸೇರಿಸಲಾಯಿತು. ಈ ಕಾರಣದಿಂದಲೇ ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನಮಾನ ದೊರೆತಾಗ ಈ ತಾಲೂಕು ಹೊರಗುಳಿಯಿತು. ಹೋರಾಟಗಳ ಬಳಿಕ 2018ರಲ್ಲಿ ಬಳ್ಳಾರಿಗೆ ಮರಳಿ, 371(ಜೆ)ಯ ವ್ಯಾಪ್ತಿಗೂ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಒಂದಾಯಿತು. ಇಷ್ಟೊಂದು ಗಡಿಗಳು ಬದಲಾದವು, ಫಲಕಗಳು ಬದಲಾದವು. ಆದರೆ ಗುಳೆ ಹೊರಡುವ ಬಸ್ಸು ಮಾತ್ರ ಬದಲಾಗಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಅವುಗಳ ಪೈಕಿ 39 ಅತ್ಯಂತ ಹಿಂದುಳಿದವುಗಳು. ಹರಪನಹಳ್ಳಿ ಮತ್ತು ಕೂಡ್ಲಿಗಿಗಳು ಈ 39ರ ಪಟ್ಟಿಯಲ್ಲಿದ್ದವು. ಆ ವರದಿ ಬಂದಾಗ ಹುಟ್ಟಿದ ಮಗು ಇಂದು ಪದವಿ ಮುಗಿಸಿ ಕೆಲಸಕ್ಕಾಗಿ ಅಲೆಯುವ ವಯಸ್ಸಿನಲ್ಲಿದೆ.

371(ಜೆ)ಯಿಂದ ಪ್ರಯೋಜನವಾಗಿಲ್ಲವೆಂದು ನಾವು ಹೇಳಲಾರೆವು. ಸ್ಥಳೀಯ ವೃಂದದ ಸರಕಾರಿ ಹುದ್ದೆಗಳಲ್ಲಿ ಶ್ರೇಣಿಗನುಸಾರವಾಗಿ ಶೇ. 75ರಿಂದ 85ರ ತನಕ ಈ ಭಾಗದವರಿಗೆ ಮೀಸಲು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆಯೂ ಆಗಿದೆ. ಆದರೆ ಸರಕಾರಿ ಹುದ್ದೆಗಳೆಷ್ಟು? ಸುಮಾರು ಮೂರು ಲಕ್ಷ ಜನರಿರುವ ತಾಲೂಕಿನ ಯುವಕರೆಲ್ಲರೂ ಗುಮಾಸ್ತರಾಗಲು ಸಾಧ್ಯವೇ? ಮೀಸಲಾತಿಯು ಇರುವ ಉದ್ಯೋಗವನ್ನು ನ್ಯಾಯವಾಗಿ ಹಂಚುತ್ತದೆ. ಇಲ್ಲದ ಉದ್ಯೋಗವನ್ನು ಅದು ಸೃಷ್ಟಿಸಲಾರದು.

ಇಲ್ಲಿ ಮೂರು ವಾದಗಳು ನಮ್ಮೆದುರು ಬರುತ್ತವೆ. ಮೂರನ್ನೂ ಪರಿಶೀಲಿಸೋಣ.

ಬೆಂಗಳೂರು ಬೆಳೆದರೆ ಅದರ ಫಲ ತಾನಾಗಿಯೇ ಹಳ್ಳಿಗೆ ಹರಿಯುತ್ತದೆಂಬುದು ಮೊದಲನೆಯ ವಾದ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಂಶಕ್ಕಿಂತಲೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತಿದೆ. ಆ ಫಲ ಹರಿದಿದ್ದರೆ ಹಲವಾಗಲಿನ ತನಕ ಇಷ್ಟರಲ್ಲೇ ತಲುಪಬೇಕಿತ್ತು. ಹರಿಯುತ್ತಿರುವುದು ಫಲವಲ್ಲ, ಜನ. ಸಾಲದೆಂಬಂತೆ, ಬೆಂಗಳೂರಿನ ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಕ್ಕಾಗಿ 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲು ಸರಕಾರ ಮುಂದಾಯಿತು. ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತ ಬಳಿಕ 2025ರ ಜುಲೈಯಲ್ಲಿ ಅದನ್ನು ಕೈಬಿಡಬೇಕಾಯಿತು. ಭೂಮಿ ಕೊಡಲೊಲ್ಲದವರ ಬಾಗಿಲು ಬಡಿಯುವ ಸರಕಾರಕ್ಕೆ, ಉದ್ಯೋಗಕ್ಕಾಗಿ ಕಾದು ಕುಳಿತ ತಾಲೂಕುಗಳು ಯಾಕೆ ಕಾಣಿಸುವುದಿಲ್ಲ?

ಒಂದು ಬೃಹತ್ ಕಾರ್ಖಾನೆ ಬಂದರೆ ಎಲ್ಲವೂ ಸರಿಯಾಗುತ್ತದೆಂಬುದು ಎರಡನೆಯ ವಾದ. ಇದಕ್ಕೆ ಉತ್ತರ ದೂರದಲ್ಲಿಲ್ಲ, ಬಳ್ಳಾರಿ ಪಕ್ಕದ ಕುಡತಿನಿಯಲ್ಲಿದೆ. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದ ಸಂಭ್ರಮದ ಕಾಲದಲ್ಲಿ ಆರ್ಸೆಲರ್ ಮಿತ್ತಲ್, ಎನ್‌ಎಂಡಿಸಿ ಸಹಿತ ಮೂರು ಉಕ್ಕಿನ ಯೋಜನೆಗಳಿಗಾಗಿ ಕುಡತಿನಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 12 ಸಾವಿರ ಎಕರೆ ಭೂಮಿಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ವಶಪಡಿಸಲಾಯಿತು. ಕಾರ್ಖಾನೆಗಳು ಏಳಲಿಲ್ಲ. ಭೂಮಿ ಹೋಯಿತು, ಬೆಳೆ ಹೋಯಿತು, ಭರವಸೆಯಿತ್ತ ಕೆಲಸವೂ ಬರಲಿಲ್ಲ. ಕೊನೆಗೆ 2022ರ ಡಿಸೆಂಬರ್‌ನಲ್ಲಿ ರೈತರು ಅನಿರ್ದಿಷ್ಟಾವಧಿ ಧರಣಿ ಹೂಡಿದರು. ಪಾಳು ಭೂಮಿಗೆ ಬೇಲಿ ಹಾಕಿ ಮೂರು ವರ್ಷ ಬಳಸದೆ ಬಿಟ್ಟವನಿಗೆ ಅದರ ಮೇಲೆ ಹಕ್ಕಿಲ್ಲವೆಂಬುದು ಖಲೀಫಾ ಉಮರ್(ರ)ರ ತೀರ್ಮಾನವಾಗಿತ್ತು. ನಮ್ಮ ಪ್ರಜಾಪ್ರಭುತ್ವದಲ್ಲಿ ಹೊಲವನ್ನೇ ಪಾಳು ಮಾಡಿ ಬೇಲಿ ಹಾಕಿದವರ ಹಕ್ಕು ದಶಕ ಕಳೆದರೂ ಭದ್ರವಾಗಿರುತ್ತದೆ!

ಉದ್ಯೋಗ ಖಾತರಿ ಇದೆಯಲ್ಲ ಎಂಬುದು ಮೂರನೆಯ ವಾದ. 2005ರ ಕಾನೂನು ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿ ಕೊಟ್ಟಿತು. ಅದು ಬಡವರ ಹೊಟ್ಟೆಗೆ ಆಸರೆಯಾದುದನ್ನು ಅಲ್ಲಗಳೆಯುವವರು ಕೃತಘ್ನರು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾನೂನನ್ನು ಅಂಗೀಕರಿಸಿ ದಿನಗಳನ್ನು 125ಕ್ಕೆ ಏರಿಸಿತು. ಜೊತೆಗೆ ಹೆಚ್ಚಿನ ರಾಜ್ಯಗಳ ಹೆಗಲಿಗೆ ಶೇ. 40ರಷ್ಟು ವೆಚ್ಚವನ್ನು ಹೊರಿಸಿತು. ಆದರೆ ನೂರಾಗಲಿ ನೂರಿಪ್ಪತ್ತೈದಾಗಲಿ, ವರ್ಷಕ್ಕಿರುವುದು 365 ದಿನ. ಉಳಿದ ದಿನಗಳಲ್ಲಿ ಹೊಟ್ಟೆ ರಜೆ ಪಡೆಯುತ್ತದೆಯೇ?

ಹಾಗಾದರೆ ದಾರಿಯೇನು? ಹಳ್ಳಿಯ ಸಮೀಪದಲ್ಲೇ ಯೋಜನಾಬದ್ಧವಾದ ಪಟ್ಟಣವನ್ನು ಬೆಳೆಸುವುದು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಮರಳಬಹುದಾದ ದೂರದಲ್ಲಿ ಕೆಲಸವನ್ನು ಒದಗಿಸುವುದು. ಇದು ಹೊಸ ಮಾತೇನೂ ಅಲ್ಲ. 1979ರಲ್ಲಿ ಕೇಂದ್ರ ಸರಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿಗೆ ಯೋಜನೆ ತಂದಿತು. ಅಬ್ದುಲ್ ಕಲಾಮ್‌ರು ರಾಷ್ಟ್ರಪತಿಯಾಗಿದ್ದಾಗ ಹಳ್ಳಿಗಳಿಗೆ ನಗರದ ಸೌಲಭ್ಯ ಒದಗಿಸುವ 'ಪುರ' ಕಲ್ಪನೆಯನ್ನು ದೇಶದ ಮುಂದಿಟ್ಟರು. 2016ರ ಫೆಬ್ರವರಿಯಲ್ಲಿ 300 ಗ್ರಾಮ ಸಮೂಹಗಳ ಗುರಿಯೊಂದಿಗೆ ರೂರ್ಬನ್ ಮಿಷನ್ ಆರಂಭವಾಯಿತು. ಸರಕಾರಗಳು ಬದಲಾದಂತೆ ಹೆಸರುಗಳು ಬದಲಾದವು. ಹಳ್ಳಿಗೆ ಸಿಮೆಂಟು ರಸ್ತೆ, ಚರಂಡಿ, ಬೀದಿದೀಪ ಬಂದವು. ಕೆಲಸ ಬರಲಿಲ್ಲ. ಯಾಕೆಂದರೆ ಬೀದಿದೀಪವು ಗುಳೆ ಹೊರಟವನಿಗೆ ದಾರಿ ತೋರಿಸಬಲ್ಲುದೇ ಹೊರತು ಅವನನ್ನು ತಡೆದು ನಿಲ್ಲಿಸಲಾರದು.

ಯೋಜನೆಯೆಂದರೆ ಲೇಔಟ್ ಎಂದೇ ನಮ್ಮ ಪಟ್ಟಣಗಳು ಅರ್ಥ ಮಾಡಿಕೊಂಡಿವೆ. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಯಾವ ಪಟ್ಟಣದ ಹೊರವಲಯಕ್ಕೆ ಹೋದರೂ ನಿನ್ನೆಯ ಜೋಳದ ಹೊಲದಲ್ಲಿ ಇಂದು ಕಲ್ಲು ನೆಟ್ಟ ನಿವೇಶನಗಳು ಕಾಣಿಸುತ್ತವೆ. ಆ ನಕ್ಷೆಗಳಲ್ಲಿ ಮನೆಗೆ ಜಾಗವಿದೆ. ಮರಗೆಲಸದ ಶೆಡ್ಡಿಗೆ, ವೆಲ್ಡಿಂಗ್ ಅಂಗಡಿಗೆ, ಹೊಲಿಗೆಯ ಘಟಕಕ್ಕೆ, ಧಾನ್ಯ ಒಣಗಿಸುವ ಕಣಕ್ಕೆ, ಶೈತ್ಯಾಗಾರಕ್ಕೆ ಜಾಗವೆಲ್ಲಿದೆ? ಮಲಗಲು ಮಾತ್ರ ಜಾಗವಿದ್ದು ದುಡಿಯಲು ಜಾಗವಿಲ್ಲದ ಊರನ್ನು ಪಟ್ಟಣವೆಂದು ಕರೆಯುವುದು ಹೇಗೆ?

ಒಂದು ಬೆಳೆಯ ಉದಾಹರಣೆ ಸಾಕು. ಹರಪನಹಳ್ಳಿ ತಾಲೂಕಿನ ಮುಖ್ಯ ಬೆಳೆ ಮೆಕ್ಕೆಜೋಳ. 2025-26ಕ್ಕೆ ಕೇಂದ್ರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆದರೆ 2025ರ ಸುಗ್ಗಿಯಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದರವು 1,800ರ ಆಸುಪಾಸಿಗೂ ಅದಕ್ಕಿಂತ ಕೆಳಕ್ಕೂ ಕುಸಿಯಿತು. ಹಾವೇರಿ, ಗದಗ ಜಿಲ್ಲೆಗಳಲ್ಲಿ ರೈತರು ಬೀದಿಗಿಳಿದರು. ಹಸಿ ಕಾಳನ್ನು ಒಣಗಿಸಲು ಯಂತ್ರವಿಲ್ಲದ, ಕಾದಿರಿಸಲು ಗೋದಾಮಿಲ್ಲದ ರೈತ ಕೇಳಿದ ದರಕ್ಕೆ ಮಾರದೆ ಇನ್ನೇನು ಮಾಡುತ್ತಾನೆ? ಅದೇ ಕಾಳು ಬೇರೆ ಊರಿನಲ್ಲಿ ಕೋಳಿ ಆಹಾರವಾಗಿ, ಸ್ಟಾರ್ಚ್ ಆಗಿ ಮಾರ್ಪಡುತ್ತದೆ. ಕಾಳಿನ ಹಿಂದೆಯೇ ಬೆಳೆದವನ ಮಗನೂ ಬೇರೆ ಊರಿಗೆ ಹೋಗುತ್ತಾನೆ. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯ ಕಥೆಯೂ ಭಿನ್ನವಲ್ಲ. ಅಂದೇ ಮಾರಾಟವಾಗದಿದ್ದರೆ ಅಂದೇ ಬಾಡುವ ಹೂವಿಗೆ ಶೈತ್ಯಾಗಾರವಾಗಲಿ ಸುಗಂಧ ದ್ರವ್ಯದ ಘಟಕವಾಗಲಿ ಕೈಗೆಟಕುವಂತಿದ್ದರೆ ಎಷ್ಟು ಮನೆಗಳ ಒಲೆ ಉರಿಯುತ್ತಿತ್ತು!

ಇದು ಹಗಲುಗನಸು ಎನ್ನುವವರು ಹೊಳೆ ದಾಟಿ ನೋಡಲಿ. ಬ್ಯಾಡಗಿ ದೊಡ್ಡ ನಗರವೇನಲ್ಲ. ಆದರೆ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತ ಅಲ್ಲಿ ಶೈತ್ಯಾಗಾರಗಳು ಎದ್ದಿವೆ, ಪುಡಿ ಮಾಡುವ ಘಟಕಗಳು ಬಂದಿವೆ, ಸುತ್ತಲಿನ ಮಹಿಳೆಯರಿಗೆ ತೊಟ್ಟು ಬಿಡಿಸುವ ಕೆಲಸ ಸಿಕ್ಕಿದೆ. ರಾಣೆಬೆನ್ನೂರು ಬೀಜೋದ್ಯಮದಿಂದ ಹೆಸರಾಗಿದೆ. ಹೈಬ್ರಿಡ್ ಬೀಜ ತಯಾರಿಸಲು ಹೊಲದಲ್ಲೇ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ನಾಜೂಕಿನ ಕೆಲಸವು ಹಳ್ಳಿಯ ಕೈಗಳಿಗೇ ಸಿಗುತ್ತದೆ. ಚೀನಾದಲ್ಲಿ 1978ರ ಬಳಿಕ ಪಟ್ಟಣ ಮತ್ತು ಗ್ರಾಮಗಳ ಉದ್ಯಮಗಳಿಗೆ ಒತ್ತು ಕೊಟ್ಟಾಗ, ಅವುಗಳಲ್ಲಿ ದುಡಿಯುವವರ ಸಂಖ್ಯೆ 2.8 ಕೋಟಿಯಿಂದ 1996ರ ವೇಳೆಗೆ 13.5 ಕೋಟಿಗೆ ಏರಿತ್ತು. ಅಲ್ಲಿ ಮಾಲಿನ್ಯವೂ ಆಯಿತು, ಅನೇಕ ಘಟಕಗಳು ಮುಂದೆ ಮುಚ್ಚಿದವು. ಅದನ್ನು ಕುರುಡಾಗಿ ಅನುಕರಿಸಬೇಕೆಂದು ನಾವು ಹೇಳುತ್ತಿಲ್ಲ. ಬೆಳೆ ಎಲ್ಲಿದೆಯೋ ಅಲ್ಲಿ ಕೆಲಸವನ್ನು ಕಟ್ಟಲು ಸಾಧ್ಯವಿದೆ ಎಂಬುದಷ್ಟೇ ನಮ್ಮ ವಾದ.

ಕಾನೂನು ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ಸಂವಿಧಾನದ 74ನೇ ತಿದ್ದುಪಡಿಯು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಪಂಚಾಯತ್ ಮತ್ತು ಪುರಸಭೆಗಳ ಯೋಜನೆಗಳನ್ನು ಒಂದುಗೂಡಿಸಿ ಇಡೀ ಜಿಲ್ಲೆಗೆ ಅಭಿವೃದ್ಧಿಯ ಕರಡು ಸಿದ್ಧಪಡಿಸುವುದು ಅದರ ಕೆಲಸ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತ್ ಮತ್ತು ಪುರಸಭೆಗಳ ಚುನಾಯಿತ ಸದಸ್ಯರೊಳಗಿಂದಲೇ ಆರಿಸಿ ಬರಬೇಕು. ಹಲವಾಗಲು ಪಂಚಾಯತ್ ಮತ್ತು ಹರಪನಹಳ್ಳಿ ಪಟ್ಟಣ ಒಂದೇ ನಕ್ಷೆಯಲ್ಲಿ ಕಾಣಿಸಿಕೊಳ್ಳಬೇಕಾದ ಜಾಗ ಅದು. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ ವರ್ಷಗಳ ಕಾಲ ಚುನಾವಣೆಯನ್ನೇ ನಡೆಸದೆ ಅಧಿಕಾರಿಗಳ ಕೈಗೆ ಒಪ್ಪಿಸಿದವರಿಂದ ಎಂತಹ ಯೋಜನೆಯನ್ನು ನಿರೀಕ್ಷಿಸುವುದು?

ನಮ್ಮ ಬೇಡಿಕೆ ಸರಳವಾಗಿದೆ. ಪಟ್ಟಣದ ಪ್ರತಿ ಹೊಸ ಬಡಾವಣೆಯಲ್ಲೂ ಸಣ್ಣ ಘಟಕಗಳಿಗೆ ಕೈಗೆಟಕುವ ಬಾಡಿಗೆಯ ಶೆಡ್ಡುಗಳಿರಲಿ. ಮಂಡಳಿಯ ಹಣದಲ್ಲಿ ನಿಶ್ಚಿತ ಪಾಲು ಒಣಗಿಸುವ ಯಂತ್ರ, ಗೋದಾಮು ಮತ್ತು ಶೈತ್ಯಾಗಾರಕ್ಕೆ ಹೋಗಲಿ. ಹರಿಹರದಿಂದ ಹರಪನಹಳ್ಳಿ, ಕೊಟ್ಟೂರು ಮೂಲಕ ಹೊಸಪೇಟೆಗೆ ಸಾಗುವ ರೈಲು ಮತ್ತು ಹಳ್ಳಿಗಳ ಬಸ್ಸುಗಳ ಸಮಯವು ದುಡಿಯುವವರ ಪಾಳಿಗೆ ಹೊಂದಿಕೊಳ್ಳಲಿ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಲಿಸುವ ಕಸುಬಿಗೂ ತಾಲೂಕಿನಲ್ಲಿ ಸಿಗುವ ಕೆಲಸಕ್ಕೂ ನಂಟಿರಲಿ. ನಿಗದಿತ ಅವಧಿಯಲ್ಲಿ ಉದ್ಯಮ ಆರಂಭಿಸದವರಿಂದ ಭೂಮಿಯನ್ನು ಹಿಂದಕ್ಕೆ ಪಡೆಯಲಿ.

ಇದು ಹಳ್ಳಿಯವರ ಸಮಸ್ಯೆ, ಪಟ್ಟಣದಲ್ಲಿರುವ ನಮಗೇನು ಎಂದು ಓದುಗರಲ್ಲಿ ಯಾರಾದರೂ ಭಾವಿಸಿದ್ದರೆ ಅವರು ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೊಮ್ಮೆ ನೋಡಿಕೊಳ್ಳಲಿ. 2001ರ ಜನಗಣತಿಯಂತೆ ದೇಶದ ಮುಸ್ಲಿಮರಲ್ಲಿ ಶೇ. 35.7 ಮಂದಿ ಪಟ್ಟಣವಾಸಿಗಳು. ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಶೇ. 27.8 ಮಾತ್ರ. ನಮ್ಮವರಲ್ಲಿ ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನು ಅವಲಂಬಿಸಿದವರೇ ಅಧಿಕವೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಟ್ರ್ಯಾಕ್ಟರ್ ರಿಪೇರಿ ಮಾಡುವವ, ಹಬ್ಬಕ್ಕೆ ಬಟ್ಟೆ ಹೊಲಿಯುವ ದರ್ಜಿ, ಗಾದಿ ತುಂಬುವ ನದಾಫ, ಸಂತೆಯಲ್ಲಿ ಹಣ್ಣು ಮಾರುವವ, ಆಟೋ ಓಡಿಸುವವ, ಇವರೆಲ್ಲರ ಗಿರಾಕಿ ಯಾರು? ಅದೇ ಹಳ್ಳಿಯವನು. ಅವನು ಗುಳೆ ಹೋದ ತಿಂಗಳುಗಳಲ್ಲಿ ನಮ್ಮ ಬಜಾರೂ ಗುಳೆ ಹೋಗುತ್ತದೆ. ಮರುವರ್ಷ ನಮ್ಮ ಮೊಹಲ್ಲಾದ ಹುಡುಗನೂ ಅದೇ ಬಸ್ಸು ಹತ್ತುತ್ತಾನೆ, ಅದೃಷ್ಟವಿದ್ದರೆ ಗಲ್ಫಿನ ವಿಮಾನ ಹತ್ತುತ್ತಾನೆ.

ಬಳ್ಳಾರಿಯ ಜೀನ್ಸ್ ಉದ್ಯಮವು ದರ್ಜಿಗಳ ಕೈಯಿಂದಲೇ ಬೆಳೆದದ್ದು. ಕಸುಬಿಗೆ ಶಕ್ತಿಯಿದೆಯೆಂಬುದಕ್ಕೆ ಅದು ಪುರಾವೆ. ಬಟ್ಟೆ ತೊಳೆಯುವ ಘಟಕಗಳ ನೀರಿಗಾಗಿ, ವಿದ್ಯುತ್ತಿಗಾಗಿ ಅದು ಪಟ್ಟ ಪಾಡು, ಯೋಜನೆಯಿಲ್ಲದಿದ್ದರೆ ಕಸುಬು ಎಲ್ಲಿ ಮುಗ್ಗರಿಸುತ್ತದೆಂಬುದಕ್ಕೂ ಪುರಾವೆ.

ಆದ್ದರಿಂದ ಸರಕಾರವನ್ನು ಪ್ರಶ್ನಿಸುವ ಜೊತೆಗೆ ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳಬೇಕಾಗಿದೆ. ಸಮುದಾಯದ ಉಳ್ಳವರು ಗಲ್ಫಿನ ದುಡ್ಡನ್ನೂ ವ್ಯಾಪಾರದ ಲಾಭವನ್ನೂ ಎಲ್ಲಿ ತೊಡಗಿಸುತ್ತಿದ್ದಾರೆ? ಊರ ಹೊರಗಿನ ನಿವೇಶನದಲ್ಲಿ. ಸುತ್ತ ಕಾಂಪೌಂಡು, ಒಳಗೆ ಜಾಲಿಗಿಡ, ದರ ಏರುವ ನಿರೀಕ್ಷೆ. ಆ ಹಣದಲ್ಲಿ ಹತ್ತು ಹೊಲಿಗೆ ಯಂತ್ರಗಳಿರುವ ಶೆಡ್ಡೊಂದನ್ನು ಪಾಲುದಾರಿಕೆಯಲ್ಲಿ ಕಟ್ಟಬಹುದಿತ್ತು. ಲಾಭ-ನಷ್ಟಗಳನ್ನು ಹಂಚಿಕೊಳ್ಳುವ ಪಾಲುದಾರಿಕೆಯ ನಿಯಮಗಳನ್ನು ನಾವು ಮದ್ರಸಾಗಳಲ್ಲಿ ಓದುತ್ತೇವೆ, ಬಜಾರಿನಲ್ಲಿ ಮರೆಯುತ್ತೇವೆ. ಪುರಸಭೆಗೆ ಆರಿಸಿ ಬರುವ ನಮ್ಮ ಸದಸ್ಯರು ನಲ್ಲಿ, ಚರಂಡಿಗಳ ಬಗ್ಗೆ ಮಾತಾಡಲಿ, ತಪ್ಪಿಲ್ಲ. ಆದರೆ ಪಟ್ಟಣದ ನಕ್ಷೆಗೆ ಮಂಜೂರಾತಿ ನೀಡುವ ಸಭೆಯಲ್ಲಿ, ದುಡಿಮೆಗೆ ಜಾಗವೆಲ್ಲಿ ಎಂದು ಅವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಅವರನ್ನು ಆರಿಸಿ ಕಳುಹಿಸಿದ ನಾವಾದರೂ ಅವರೊಡನೆ ಕೇಳಿದ್ದೇವೆಯೇ?

ನಿವೇಶನಗಳ ಕಲ್ಲುಗಳನ್ನು ಎಣಿಸಿ ಪಟ್ಟಣ ಬೆಳೆಯಿತೆಂದು ಹೇಳುವುದು ಸುಲಭ. ಸುಗ್ಗಿ ಮುಗಿದ ಮೇಲೆ ಹಲವಾಗಲಿನಂತಹ ಊರುಗಳಲ್ಲಿ ಬೀಗ ಬೀಳದ ಮನೆಗಳೆಷ್ಟು ಎಂದು ಎಣಿಸುವ ದಿಟ್ಟತನವನ್ನು ಜಿಲ್ಲಾಡಳಿತ ತೋರಲಿ. ಬೆಳವಣಿಗೆಯ ನಿಜವಾದ ಲೆಕ್ಕ ಇರುವುದು ಅಲ್ಲಿ.