ಓದಬಲ್ಲ ಮಗುವಿಗೆ ಮುಂದಿನ ಪಾಠ ಯಾವುದು?

ಬೈಲಹೊಂಗಲದ ನಮ್ಮ ಸ್ನೇಹಿತರೊಬ್ಬರು ತಮ್ಮ ಆರು ವರ್ಷದ ಮಗಳನ್ನು ಶಾಲೆಗೆ ಹಾಕದೆ ಮನೆಯಲ್ಲಿಯೇ ಓದಿಸುತ್ತಿರುವರು. ಮಗುವು ಈಗಲೇ ಕನ್ನಡವನ್ನು ನಿರರ್ಗಳವಾಗಿ ಓದುತ್ತದೆ. ಒಂದನೆಯ ಇಯತ್ತೆಯ ಪುಸ್ತಕವು ಒಂದು ವಾರದಲ್ಲಿ ತೀರಿತು, ಎರಡನೆಯದೂ ತೀರುತ್ತ ಬಂದಿತು. ದಸರೆಯೊಳಗಾಗಿ ಮೂರು, ನಾಲ್ಕನೆಯವುಗಳನ್ನೂ ಮುಗಿಸಿಬಿಡೋಣವೇ ಎಂದು ಅವರು ನಮ್ಮನ್ನು ಕೇಳಿ ಬರೆದಿರುವರು. ಬೇಡವೆಂಬುದೇ ನಮ್ಮ ಉತ್ತರ. ಆದರೆ ಈ ಪ್ರಶ್ನೆಯು ಅವರೊಬ್ಬರದಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿಯೂ ಮನೆಗಳೇ ಪಾಠಶಾಲೆಗಳಾದವು. ಬಾಗಿಲು ತೆರೆದ ಮೇಲೂ ಆ ಪದ್ಧತಿಯನ್ನು ಬಿಡದವರು ಅಲ್ಲಲ್ಲಿ ಇರುವರು. ಆದಕಾರಣ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತೇವೆ.

ಹೋದ ತಿಂಗಳು ಅವರ ಮನೆಗೆ ಹೋದಾಗ ತಂದೆಯವರು ಅಭಿಮಾನದಿಂದ ವರ್ತಮಾನಪತ್ರವನ್ನು ಮಗಳ ಕೈಗೆ ಕೊಟ್ಟರು. ವಿಧಾನಪರಿಷತ್ತಿನ ಕಲಾಪದ ಸುದ್ದಿಯನ್ನು ಆ ಮಗುವು ಒಂದು ಒತ್ತಕ್ಷರವೂ ತಪ್ಪದಂತೆ ಓದಿತು. ನಮಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಕಲಾಪ ಅಂದರ ಏನವ್ವಾ?" ಎಂದು ಕೇಳಿದೆವು. "ಅದು ಅಪ್ಪಾಗ ಗೊತ್ತೈತ್ರೀ, ನಾ ಬರೇ ಓದತೀನಿ" ಎಂದಿತು.

ಇಡೀ ಪ್ರಶ್ನೆಯು ಈ ಒಂದು ಮಾತಿನಲ್ಲಿ ಅಡಗಿರುತ್ತದೆ. ಇಂಗ್ಲಿಷಿನಲ್ಲಿ ಅರಿಯದ ಶಬ್ದವನ್ನು ಸರಿಯಾಗಿ ಉಚ್ಚರಿಸುವದು ಬಹುಮಟ್ಟಿಗೆ ಕಷ್ಟ. ಅಲ್ಲಿ ಮಗುವು ತಡವರಿಸಿದರೆ ಶಬ್ದವು ಅದಕ್ಕೆ ಹೊಸದೆಂದು ಹಿರಿಯರಿಗೆ ಗೊತ್ತಾಗುವದು. ನಮ್ಮ ಕನ್ನಡ ಬರಹವಾದರೋ ಬರೆದಂತೆ ಓದುವಂಥದು. ಅಕ್ಷರ, ಕಾಗುಣಿತ, ಒತ್ತುಗಳು ಒಮ್ಮೆ ಕೈವಶವಾದವೆಂದರೆ ಅರ್ಥವಾದದ್ದನ್ನೂ ಅರ್ಥವಾಗದ್ದನ್ನೂ ಬಾಯಿಯು ಒಂದೇ ಓಟದಲ್ಲಿ ಓದಿಬಿಡುತ್ತದೆ. ಆ ಕೈವಶವಾಗುವದೇ ಬಹಳ ದಿನದ ಕೆಲಸ. ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ ಸೋನಾಲಿ ನಾಗ ಅವರು 2007ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಇಂಗ್ಲಿಷ್ ಅಕ್ಷರಗಳಂತೆ ನಮ್ಮ ಅಕ್ಷರಗಳು ಒಂದು ವರ್ಷದಲ್ಲಿ ಮುಗಿಯುವವಲ್ಲ, ಕಲಿಕೆಯು ಮುಂದಿನ ಇಯತ್ತೆಗಳಿಗೂ ಸಾಗುತ್ತದೆಂದು ತೋರಿಸಿರುವರು. ಆ ದಾರಿಯನ್ನು ಆರನೆಯ ವರ್ಷಕ್ಕೇ ದಾಟಿದ ಮಗುವು ಅಪರೂಪದ್ದೇ ಸರಿ. ಅದರಿಂದಲೇ ತಂದೆತಾಯಿಗಳು ಮೋಸಹೋಗುವರು. ದಾರಿ ಮುಗಿಯಿತೆಂದರೆ ಊರು ಬಂದಿತೆಂದು ತಿಳಿಯುವರು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಓದಬಲ್ಲ ಮಗುವಿಗೆ ಓದಿ ಹೇಳುವದನ್ನು ನಿಲ್ಲಿಸಬಾರದು. ತಾನೇ ಓದುತ್ತದಲ್ಲ ಎಂದು ಹಿರಿಯರು ಸುಮ್ಮನಾಗುವದೇ ಮನೆಪಾಠದಲ್ಲಿ ನಾವು ಕಾಣುವ ದೊಡ್ಡ ತಪ್ಪು. ಮಗುವಿನ ಕಣ್ಣಿಗಿಂತ ಕಿವಿಯು ಎರಡು ವರ್ಷ ಮುಂದಿರುತ್ತದೆಂದು ನಮ್ಮ ಮೂವತ್ತು ವರ್ಷದ ಮಾಸ್ತರಿಕೆಯ ಅನುಭವ. ಪಂಜೆ ಮಂಗೇಶರಾಯರ ಕಥೆಗಳನ್ನು ಮಗುವು ತಾನೇ ಓದಿಕೊಳ್ಳಲಿ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ 'ಬಾಲಪ್ರಪಂಚ'ದಂಥದನ್ನು ಹಿರಿಯರು ಓದಿ ಹೇಳಲಿ. ಕೇಳಿದ್ದನ್ನು ಮರುದಿನ ಮಗುವು ತನ್ನ ಮಾತಿನಲ್ಲಿ ಹೇಳಬೇಕು. ಪ್ರಶ್ನೋತ್ತರಗಳ ಕಾಟ ಬೇಡ. ಹೇಳುವಾಗ ಎಲ್ಲಿ ತಡೆಯುವದೋ ಅಲ್ಲಿ ಶಬ್ದ ತಿಳಿದಿಲ್ಲವೆಂದು ತಾನಾಗಿಯೇ ಗೊತ್ತಾಗುವದು.

"ತನ್ನ ಮಾತಿನಲ್ಲಿ" ಎಂಬುದನ್ನು ಒತ್ತಿ ಹೇಳುತ್ತೇವೆ. ಆ ಮನೆಯಲ್ಲಿ ಮಗುವು "ರಾಜಾ ಬೇಟೆಗೆ ಹೋಗ್ಯಾನ" ಎಂದಾಗ ತಂದೆಯವರು "ಹೋಗಿದ್ದಾನೆ ಅನ್ನು" ಎಂದು ತಿದ್ದಿದರು. ಮಗುವು ಕಥೆಯನ್ನೇ ನಿಲ್ಲಿಸಿಬಿಟ್ಟಿತು. ರಾಮದುರ್ಗದ ಸಂಸ್ಥಾನಿಕರ ಕಾಲದಲ್ಲಿ ನಮ್ಮ ಹಿರಿಯರು ದರಬಾರಿನ ಮರಾಠಿಯ ಮುಂದೆ ತಮ್ಮ ಮಾತಿಗೆ ನಾಚಿದ್ದು ಸಾಲದೆ? ಆ ಸಂಸ್ಥಾನವು 1948ರಲ್ಲಿ ವಿಲೀನವಾಯಿತು. 1956ರಲ್ಲಿ ನಾಡೂ ಒಂದಾಯಿತು. ಈಗ ಕನ್ನಡದ ಮುಂದೆಯೇ ಕನ್ನಡಕ್ಕೆ ನಾಚಿಕೆಯೇ? ಗ್ರಂಥದ ಭಾಷೆಯು ಬರೆಯುವದಕ್ಕೆ, ಮನೆಯ ಭಾಷೆಯು ಹೇಳುವದಕ್ಕೆ ಎಂದು ಆರು ವರ್ಷದ ಮಗುವಿಗೂ ತಿಳಿಯುವದು. ಒಂದನ್ನು ಕಸಿದುಕೊಂಡು ಇನ್ನೊಂದನ್ನು ಕೊಡಬೇಕಾಗಿಲ್ಲ.

ಬರಹದ ಮಾತು ಬೇರೆ. ಬಾಯಿಯು ಓಡುವಷ್ಟು ವೇಗವಾಗಿ ಆ ವಯಸ್ಸಿನ ಬೆರಳು ಓಡದು. ನಾಲ್ಕನೆಯ ಇಯತ್ತೆಯ ಪುಸ್ತಕವನ್ನು ಓದುವ ಮಗುವಿನಿಂದ ನಾಲ್ಕನೆಯ ಇಯತ್ತೆಯ ಬರಹವನ್ನು ಬೇಡುವದು ಹಿಂಸೆಯೇ ಸರಿ. ದಿನಕ್ಕೆ ಎರಡು ಸಾಲು ಶುದ್ಧ ನಕಲು, ವಾರಕ್ಕೆ ಮೂರು ದಿನ ನಾಲ್ಕಾರು ಶಬ್ದಗಳ ಉಕ್ತಲೇಖನ, ಇಷ್ಟು ಸಾಕು. ಉಕ್ತಲೇಖನವು ನಮ್ಮ ಕಡೆಗೆ ಅವಶ್ಯವಾಗಿ ಬೇಕು. ಯಾಕಂದರೆ ನಮ್ಮ ಆಡುಮಾತಿನಲ್ಲಿ ಮಹಾಪ್ರಾಣವು ಅನೇಕವೇಳೆ ಸಡಿಲಾಗುತ್ತದೆ. 'ಭಾಷೆ' ಎಂದು ಓದಿದ ಮಗುವೇ 'ಬಾಷೆ' ಎಂದು ಬರೆಯುವದು. ಉಳಿದುದನ್ನು ಮಗುವು ಹೇಳಲಿ, ತಾಯಿ ಬರೆದುಕೊಳ್ಳಲಿ. ರಾಮದುರ್ಗದಲ್ಲಿರುವ ಅಜ್ಜಿಗೆ ತಿಂಗಳಿಗೊಂದು ಪತ್ರ ಹೋದರೆ ಅದಕ್ಕಿಂತ ಒಳ್ಳೆಯ ನಿಬಂಧವಿಲ್ಲ. ವ್ಯಾಕರಣವನ್ನು ಇನ್ನೂ ಮೂರು ವರ್ಷ ಮುಟ್ಟಬೇಡಿರಿ.

ವಿಷಯಗಳಿಗಾಗಿ ದೂರ ಹೋಗಬೇಕಾಗಿಲ್ಲ. 1824ರ ಅಕ್ಟೋಬರ 23ರಂದು ಥ್ಯಾಕರೆಯು ಬಿದ್ದ ಕಿತ್ತೂರಿನ ಕೋಟೆಯು ಬಸ್ಸಿನ ದಾರಿಯಲ್ಲಿದೆ. 1829ರಲ್ಲಿ ಸೆರೆಯಲ್ಲಿಯೇ ದೇಹವಿಟ್ಟ ರಾಣಿ ಚೆನ್ನಮ್ಮನ ಸಮಾಧಿಯು ಅವರ ಊರಲ್ಲಿಯೇ ಇದೆ. ಅಲ್ಲಿಗೆ ಕರೆದೊಯ್ದು, ಫಲಕವನ್ನು ಓದಿಸಿ, ಮನೆಗೆ ಬಂದ ಮೇಲೆ ಕಂಡದ್ದನ್ನು ಹೇಳಿಸಬೇಕು. ಸವದತ್ತಿಯು ಒಂದು ಕಾಲಕ್ಕೆ ರಟ್ಟರ ರಾಜಧಾನಿಯಾದ ಸುಗಂಧವರ್ತಿಯಾಗಿತ್ತು. ಸುಗಂಧವರ್ತಿಯು ಸವದತ್ತಿಯಾದ ಬಗೆಯನ್ನು ಮಗುವಿಗೆ ಹೇಳಿ ನೋಡಿರಿ. ಮಾತು ಸವೆಯುವ ರೀತಿಯು ಪಾಠವಿಲ್ಲದೆಯೇ ತಿಳಿಯುವದು.

ಕಾಯ್ದೆಯ ವಿಷಯವಾಗಿ ಎರಡೇ ಮಾತು. 2009ರ ಶಿಕ್ಷಣ ಹಕ್ಕಿನ ಕಾಯ್ದೆಯು ಮನೆಪಾಠವನ್ನು ಹೆಸರು ಹಿಡಿದು ನಿಷೇಧಿಸಿಲ್ಲ, ಅದಕ್ಕೊಂದು ಕ್ರಮವನ್ನೂ ಹಾಕಿಕೊಟ್ಟಿಲ್ಲ. ಮುಂದೆ ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗೆ ಕೂಡ್ರಬಹುದು. ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. ಕನ್ನಡವನ್ನು ಉಳಿಸುವ ಹೊಣೆಯೂ ಅದರೊಡನೆ ಸರಕಾರದ ಕೈಯಿಂದ ಬಹುಪಾಲು ಮನೆಗೇ ಬಂದಿತು. ಇಂಗ್ಲಿಷನ್ನು ಕೇಳಿಸುವದಕ್ಕೆ ನಮ್ಮ ಅಡ್ಡಿಯಿಲ್ಲ. ಅದರ ಓದುಬರಹವು ಮಾತ್ರ, ಕನ್ನಡದಲ್ಲಿ ಒಂದು ಪುಟ ತಾನೇ ಬರೆಯುವಂತಾದ ಮೇಲೆ ಬರಲಿ.

ಮನೆಪಾಠದ ವಿಷಯದಲ್ಲಿ ನಮಗೆ ಪೂರ್ಣ ಸಮಾಧಾನವಿದೆಯೆಂದು ವಾಚಕರು ತಿಳಿಯಬಾರದು. ಜಗಳಾಡುವ, ಹಾಡುವ, ಒಗಟು ಹಾಕುವ ಭಾಷೆಯನ್ನು ಓರಗೆಯ ಹುಡುಗರಲ್ಲದೆ ಯಾವ ತಂದೆಯೂ ಕಲಿಸಲಾರನು. ಸಂಜೆಯ ಹೊತ್ತು ಮಗುವನ್ನು ಓಣಿಗೆ ಬಿಡಲೇಬೇಕು.

ಕೊನೆಗೆ ಇನ್ನೊಂದು. ಪತ್ರ ಬರೆದವರು ತಂದೆ, ಕಲಿಸುತ್ತಿರುವವರು ತಾಯಿ. ಆ ತಾಯಿ ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿದವರು. "ನನ್ನ ಮಾತು ಹಳ್ಳೀದ್ರೀ, ಅದಕ್ಕ ಅಕೀ ಮುಂದ ಈಗ ಭಾಳ ಮಾತಾಡೂದಿಲ್ಲ" ಎಂದು ಚಹದ ಕಪ್ಪು ಇಡುತ್ತ ನಮಗೆ ಹೇಳಿದರು. ನಾವು ಆ ಮನೆಗೆ ಮಾಡಿಕೊಟ್ಟ ವಾರದ ಪಾಠಪತ್ರಿಕೆಯಲ್ಲಿ ಪ್ರತಿದಿನದ ಮೊದಲ ಅರ್ಧ ತಾಸು ತಾಯಿಯದು: ಬೀಸುವ ಹಾಡು, ಗಾದೆ, ತವರಿನ ಕಥೆ, ಏನಾದರೂ ಸರಿ, ಅವರ ಮಾತಿನಲ್ಲಿಯೇ. ಮೂರನೆಯ ಇಯತ್ತೆಯ ಪುಸ್ತಕವನ್ನು ಬರುವ ಜೂನಿನವರೆಗೆ ಕಪಾಟಿನಲ್ಲಿಡಲು ಬರೆದಿದ್ದೇವೆ. ತಂದೆಯವರ ಉತ್ತರವು ಇನ್ನೂ ಬಂದಿಲ್ಲ.