ಮಾಡಾಯಿಪಾರದಲ್ಲಿ ಮಕ್ಕಳ ಓಡಾಟ, ಕಾಸರಗೋಡಿನ ಪದವುಗಳಲ್ಲಿ ಕಲ್ಲಿನ ಕೋರೆ

ಓಣಂ ರಜೆ ಹತ್ತಿರವಾಯಿತೆಂದರೆ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಕಾಸರಗೋಡಿನ ಮನೆಗಳಲ್ಲಿ ಏಳುತ್ತದೆ. ಬೇಕಲ ಕೋಟೆ ನೋಡಿ ಆಗಿರುತ್ತದೆ. ರಾಣಿಪುರಂ ಏರೋಣವೆಂದರೆ ಅಜ್ಜಿಗೆ ಮೊಣಕಾಲು ನೋವು, ಸಣ್ಣ ಮಗುವನ್ನು ಎತ್ತಿಕೊಳ್ಳಬೇಕು, ಮಳೆಗಾಲದಲ್ಲಿ ಉಂಬುಳದ ಕಾಟ ಬೇರೆ. ಇಂಥ ಕುಟುಂಬಗಳಿಗೆ ಹೇಳಿ ಮಾಡಿಸಿದಂಥ ಜಾಗ ಕಣ್ಣೂರು ಜಿಲ್ಲೆಯ ಪಳಯಂಗಾಡಿ ಬಳಿಯ ಮಾಡಾಯಿಪಾರ. ಕಾಸರಗೋಡಿನಿಂದ ರೈಲಿನಲ್ಲಿ ಸುಮಾರು 65 ಕಿ.ಮೀ. ದಕ್ಷಿಣಕ್ಕೆ ಹೋಗಿ ಪಳಯಂಗಾಡಿ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಆಟೋದಲ್ಲಿ ಗುಡ್ಡದ ತಲೆಗೇ ಹೋಗಬಹುದು.

ಗುಡ್ಡವೆಂದರೂ ಎತ್ತರ ಏನಿಲ್ಲ. ಸಮುದ್ರಮಟ್ಟದಿಂದ ಸುಮಾರು 40 ಮೀಟರ್ ಮೇಲೆ, 600 ಎಕರೆಗೂ ಮಿಕ್ಕಿ ಹರಡಿರುವ ಮುರಕಲ್ಲಿನ ಬಯಲು. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಬೇರೆ ವಿವರಣೆ ಬೇಕಾಗಿಲ್ಲ, ಅದೊಂದು ಪದವು. ವಾಯವ್ಯಕ್ಕೆ ನೌಕಾ ಅಕಾಡೆಮಿ ಇರುವ ಏಳಿಮಲ, ಪಶ್ಚಿಮಕ್ಕೆ ತೆಂಗಿನ ತೋಟಗಳಾಚೆ ಅರಬ್ಬಿ ಸಮುದ್ರ, ಕೆಳಗೆ ಹೊಳೆ. ಐದು ವರ್ಷದ ಮಗುವೂ ಎಪ್ಪತ್ತರ ಹಿರಿಯರೂ ಒಟ್ಟಿಗೆ ನಡೆಯಬಹುದಾದ ಸಮತಟ್ಟು ನೆಲ. ತಿರುವರ್‌ಕಾಡು ಭಗವತಿಯ ಸನ್ನಿಧಿಯಾದ ಮಾಡಾಯಿಕಾವು, ಬೇಸಿಗೆಯಲ್ಲೂ ನೀರಿರುವ ವಡುಕುಂದ ಕೆರೆ, ಕೈಗನ್ನಡಿಯ ಆಕಾರದಲ್ಲಿ ಕಲ್ಲು ಕಡಿದು ಮಾಡಿದ ಯೆಹೂದಿ ಕೊಳ, ಹಳೆಯ ಕೋಟೆಯ ಅವಶೇಷ ಎಲ್ಲವೂ ಈ ಬಯಲಿನಲ್ಲೇ ಇವೆ.

ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿ ನೆಲವೆಲ್ಲ ನೀಲಿ. ಮಲೆಯಾಳದಲ್ಲಿ ಕಾಕ್ಕಪ್ಪೂ ಎಂದು ಕರೆಯುವ, ಓಣಂ ಪೂಕ್ಕಳಕ್ಕೆ ಬೇಕಾಗುವ ಪುಟ್ಟ ಹೂವು ಅದು. ನೋಡಲು ಸಾಧುವಾದರೂ ಈ ಗಿಡ ಮಾಂಸಾಹಾರಿ. ಬೇರಿನ ಜಾಗದಲ್ಲಿರುವ ಸಾಸಿವೆಗಿಂತ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆ. ಮುರಕಲ್ಲಿನ ಮೇಲಿನ ಬೆರಳುದ್ದದ ಮಣ್ಣಿನಲ್ಲಿ ಸಾರಜನಕ ಸಾಲದ್ದರಿಂದ ಅದು ಕಂಡುಕೊಂಡ ಉಪಾಯ. ಪಾಠಪುಸ್ತಕದಲ್ಲಿ ಓದಿದ್ದನ್ನು ಮಗು ಮಂಡಿಯೂರಿ ನೋಡುವ ಅವಕಾಶ ಬೇರೆಲ್ಲಿ ಸಿಗುತ್ತದೆ? 2012ರಲ್ಲಿ ವಿಜ್ಞಾನಿಗಳು ಇಲ್ಲಿಂದ ಹೊಸದಾಗಿ ಗುರುತಿಸಿದ ಒಂದು ಸಸ್ಯಕ್ಕೆ ಮಾಡಾಯಿಪಾರದ ಹೆಸರನ್ನೇ ಇಟ್ಟು 'ಎರಿಯೋಕಾಲಾನ್ ಮಾಡಾಯಿಪಾರೆನ್ಸ್' ಎಂದು ಕರೆದಿದ್ದಾರೆ.

ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಹೋಗುವುದು ಒಳ್ಳೆಯದು, ಬಯಲಿನಲ್ಲಿ ನೆರಳಿಲ್ಲ. ಕುಡಿಯುವ ನೀರು ಜತೆಗಿರಲಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಕೆರೆಯ ಬದಿಯಲ್ಲಿ ಮಕ್ಕಳ ಕೈ ಬಿಡಬಾರದು, ಸಿಡಿಲು ಗುಡುಗಿನ ದಿನ ಬಯಲಿನಲ್ಲಿ ನಿಲ್ಲಬಾರದು. ಇಷ್ಟಾದರೆ ಸಾಕು.

ಆದರೆ ಈ ಬಯಲು ಇಂದಿಗೂ ಉಳಿದಿರುವುದು ಸುಮ್ಮನೆ ಅಲ್ಲ. ಇದು ಅರಣ್ಯ ಇಲಾಖೆಯ ರಕ್ಷಿತಾರಣ್ಯವಲ್ಲ, ಚಿರಕ್ಕಲ್ ಕೋವಿಲಕಂ ದೇವಸ್ವಂಗೆ ಸೇರಿದ ಜಾಗ. ಇಲ್ಲಿ ಚೀನೀ ಮಣ್ಣಿನ ಗಣಿಗಾರಿಕೆ ವರ್ಷಗಟ್ಟಲೆ ನಡೆದು, ಕೆಳಗಿನ ಬಾವಿ ಗದ್ದೆಗಳ ನೀರು ಕೆಡುತ್ತದೆಂದು ಸುತ್ತಲಿನವರು ದೀರ್ಘಕಾಲ ಹೋರಾಡಿದರು. ತಿರುವನಂತಪುರ–ಕಾಸರಗೋಡು ಸಿಲ್ವರ್‌ಲೈನ್ ರೈಲು ಯೋಜನೆಗೆ ಇಲ್ಲಿ ನೆಟ್ಟ ಸರ್ವೆ ಕಲ್ಲುಗಳು 2022ರ ಜನವರಿಯಲ್ಲಿ ಕಿತ್ತುಬಿದ್ದುದು ರಾಜ್ಯವಿಡೀ ಸುದ್ದಿಯಾಯಿತು. ಅಂದರೆ ದೇವಸ್ಥಾನದ ಹೆಸರು, ಪೂರಂ ಉತ್ಸವದ ನಂಟು, ನಿತ್ಯ ಓಡಾಡುವ ಜನ, ಹೂವು ಹಕ್ಕಿಗಳ ಲೆಕ್ಕ ಇಟ್ಟ ಅಧ್ಯಾಪಕರು, ಇವೆಲ್ಲ ಸೇರಿ ಬಯಲನ್ನು ಕಾದವು. ಕಾನೂನು ಕಾದದ್ದು ಕಡಿಮೆ.

ಕಾಸರಗೋಡಿನ ಪದವುಗಳಿಗೆ ಈ ಭಾಗ್ಯ ಇಲ್ಲ. ತಲಪಾಡಿಯಿಂದ ಚಂದ್ರಗಿರಿಯವರೆಗೆ, ಅಲ್ಲಿಂದ ಪೆರಿಯ, ಚೀಮೇನಿಯವರೆಗೆ ಇಂಥದೇ ಮುರಕಲ್ಲಿನ ಬಯಲುಗಳಿವೆ. ಕಂದಾಯ ದಾಖಲೆಯಲ್ಲಿ ಅವು ತರಿಶು, ಪುರಂಬೋಕು, ಅಥವಾ ಖಾಸಗಿಯವರ ಪಾಳುಗುಡ್ಡೆ. ಹಿಂದೆ ಹೀಗಿರಲಿಲ್ಲ. ಮನೆ ಹೊದಿಸಲು ಮುಳಿಹುಲ್ಲು ಪದವಿನಿಂದಲೇ ಬರಬೇಕಿತ್ತು, ತೋಟಕ್ಕೆ ಸೊಪ್ಪು ಕುಮ್ಕಿಯ ಗುಡ್ಡೆಯಿಂದ, ದನಗಳಿಗೆ ಮೇವು ಅಲ್ಲಿಯದೇ. ಮಕ್ಕಳು ಕುಂಟಾಲ, ನೇರಳೆ ಹಣ್ಣಿಗೆಂದು ಅಲೆಯುತ್ತಿದ್ದುದೂ ಅಲ್ಲೇ. ಹೆಂಚು ಬಂತು, ಟೆರೇಸ್ ಬಂತು, ಹಟ್ಟಿ ಖಾಲಿಯಾಯಿತು. ಪದವಿನ ಮೇಲೆ ಕಾಲಿಡುವವರೇ ಇಲ್ಲದಾದಾಗ ಅದು ಬಂಜರು ಎಂಬ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು.

ಬಂಜರು ಎಂದು ಒಪ್ಪಿದ ನೆಲಕ್ಕೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಯಷ್ಟು ಕಹಿ ಉದಾಹರಣೆ ಬೇರೆಡೆ ಸಿಗಲಿಕ್ಕಿಲ್ಲ. ಗುಡ್ಡೆಗಳಲ್ಲಿ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳೆದ್ದವು. 1970ರ ದಶಕದ ಕೊನೆಯಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮೇಲೆ ಬಿದ್ದದ್ದು ಕೆಳಗಿನ ತೋಡು, ಸುರಂಗಗಳಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗಿನ ಕಾಟ ಜೆಸಿಬಿ, ಟಿಪ್ಪರಿನದು. ಕೆಂಪುಕಲ್ಲಿಗೆ ಬೇಡಿಕೆ ಇದೆ, ಗೋಡೆ ಕಟ್ಟುವವರಿಗೆ ಕಲ್ಲು ಬೇಕು ಎಂಬುದೂ ನಿಜವೇ. ಆದರೆ ಕಲ್ಲು ತೆಗೆದ ಜಾಗವನ್ನು ಮುಚ್ಚದೆ ಬಿಟ್ಟುಹೋಗುವುದು ರೂಢಿಯಾಗಿದೆ. ಮಳೆನೀರು ತುಂಬಿದ ಹಳೆಯ ಕೋರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಎಷ್ಟೋ ಬಾರಿ ಬಂದಿದೆ. ಪದವಿನ ಸಹಜ ಪಳ್ಳದಲ್ಲಿ ಬಹುಪಾಲು ಮೊಣಕಾಲುದ್ದದ ನೀರು, ಕೋರೆಯ ಗುಂಡಿಯಲ್ಲಿ ಆಳು ಮುಳುಗುವ ನೀರು. ಮಕ್ಕಳು ಸುರಕ್ಷಿತವಾಗಿ ಅಡ್ಡಾಡಬಹುದಾದ ನೆಲವೇ ಅವರಿಗೆ ಅಪಾಯದ ಜಾಗವಾಗಿ ಬದಲಾಗಿದೆ. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಕ್ಕೆ ಅಗಲಿಸುವಾಗ ಕಡಿದ ಗುಡ್ಡಗಳ ಕತೆಯೂ ಬೇರೆಯಲ್ಲ. 2025ರ ಮಳೆಗಾಲದಲ್ಲಿ ಚೆರುವತ್ತೂರು ಬಳಿಯ ವೀರಮಲ ಗುಡ್ಡ ಹೆದ್ದಾರಿಗೇ ಕುಸಿಯಿತು.

ನೀರಿನ ಲೆಕ್ಕವನ್ನಂತೂ ಬಿಡುವಂತಿಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್ ಬಂದರೆ ನೀರಿಗೆ ಟ್ಯಾಂಕರ್ ಕಾಯುವ ಊರುಗಳಿವೆ. ಪದವಿನ ಪಳ್ಳಗಳಲ್ಲಿ ನಿಂತು, ಮುರಕಲ್ಲಿನ ರಂಧ್ರಗಳಲ್ಲಿ ಮೆಲ್ಲನೆ ಇಳಿದ ನೀರೇ ಕೆಳಗಿನ ಬೈಲಿನ ಬಾವಿಗೆ, ಸುರಂಗಕ್ಕೆ ಬರುವುದು. ಮೇಲಿನ ಕಲ್ಲನ್ನು ಕಡಿದು ಮಾರಿ, ಕೆಳಗೆ ಕೊಳವೆಬಾವಿ ಕೊರೆಸುವುದಕ್ಕೆ ಯಾವ ಲೆಕ್ಕಾಚಾರವೂ ಹೊಂದುವುದಿಲ್ಲ.

ಕಾಸರಗೋಡು ಜಿಲ್ಲಾ ಪಂಚಾಯತ್ 2023ರಲ್ಲಿ ಜಿಲ್ಲೆಗೆ ತನ್ನದೇ ಮರ, ಹೂವು, ಹಕ್ಕಿ, ಜೀವಿಗಳನ್ನು ಘೋಷಿಸಿ ದೇಶದಲ್ಲೇ ಮೊದಲೆನಿಸಿತು. ಕಾಸರಕನ ಮರ, ಪೆರಿಯ ಪೋಳತ್ತಾಳಿ ಹೂವು, ಬಿಳಿಹೊಟ್ಟೆಯ ಕಡಲಹದ್ದು, ಭೀಮನಾಮೆ. ಸಂತೋಷದ ವಿಷಯ. ಆದರೆ ಪೆರಿಯದ ಹೂವು ಬದುಕುವುದು ಮುರಕಲ್ಲಿನ ನಾಡಿನ ಮಳೆಗಾಲದ ತೋಡಿನಲ್ಲಿ. ಹೂವಿಗೆ ಬಿರುದು ಕೊಟ್ಟು ಅದರ ನೆಲವನ್ನು ತರಿಶು ಎಂದೇ ಬರೆದಿಟ್ಟರೆ ಘೋಷಣೆ ಗೋಡೆಯ ಚಿತ್ರಕ್ಕಷ್ಟೇ ಆದೀತು.

ಹಾಗಾದರೆ ಕುಟುಂಬಗಳ ನಡಿಗೆಗೂ ಇದಕ್ಕೂ ಏನು ಸಂಬಂಧ? ಮುಳಿಹುಲ್ಲಿನ ಕಾಲ ಮರಳುವುದಿಲ್ಲ. ಪದವಿಗೆ ಜನರನ್ನು ಮತ್ತೆ ಕರೆಸುವ ಹೊಸ ಕಾರಣವೊಂದು ಬೇಕು, ಈಗ ಕಾಣುವ ಸುಲಭದ ಕಾರಣ ನಡಿಗೆ. ಪೈವಳಿಕೆ ಪಂಚಾಯತಿನ ಪೊಸಡಿ ಗುಂಪೆ 1,060 ಅಡಿ ಎತ್ತರದಲ್ಲಿದ್ದು, ಅಲ್ಲಿಂದ ಮಂಗಳೂರೂ ಸಮುದ್ರವೂ ಕಾಣುತ್ತವೆ. ಕುಂಬಳೆ ಬಳಿಯ ಕಿದೂರಿಗೆ ಹಕ್ಕಿ ನೋಡುವವರು ಬರುತ್ತಾರೆ. ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಳ್ಳುವವರೆಗೆ ಕಾವಲಿದ್ದ ಅನಂತಪುರ ಕೆರೆ ದೇವಸ್ಥಾನ ಇರುವುದೂ ಮುರಕಲ್ಲಿನ ಪದವಿನಲ್ಲೇ. ಇವುಗಳಲ್ಲಿ ಕೆಲವು ಎತ್ತರ, ಕೆಲವು ಸಮತಟ್ಟು, ಎಲ್ಲವೂ ಒಂದು ಹೊತ್ತಿನ ನಡಿಗೆಗೆ ಎಟಕುವಂಥವು.

ಇದರಲ್ಲಿ ಅಪಾಯವೂ ಇದೆ. ಮಾಡಾಯಿಪಾರದಲ್ಲೇ ಹೂವಿನ ಮೇಲೆ ಬೈಕು ಕಾರು ಹತ್ತಿಸುವುದು, ಮದುವೆ ಫೋಟೋಗೆಂದು ಹಾಸಿ ಕೂರುವುದು, ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುವುದು ವರ್ಷವರ್ಷದ ದೂರು. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಚಕ್ರದಡಿ ಸಿಕ್ಕಿದರೆ ಸವಾರನಿಗೆ ತಿಳಿಯುವುದೂ ಇಲ್ಲ. ಪ್ರವಾಸೋದ್ಯಮವೆಂದರೆ ಇಂಟರ್‌ಲಾಕ್ ಹಾಸು, ಸೆಲ್ಫಿ ಪಾಯಿಂಟ್, ಗೂಡಂಗಡಿ ಎಂದು ತಿಳಿದವರ ಕೈಗೆ ಪದವು ಸಿಕ್ಕಿದರೆ ಕೋರೆಯೇ ವಾಸಿ ಎನಿಸೀತು.

ಬೇಕಾಗಿರುವುದು ದೊಡ್ಡ ಹಣವಲ್ಲ. ವಾಹನ ರಸ್ತೆಯ ಬದಿಯಲ್ಲೇ ನಿಲ್ಲುವಂತೆ ನಾಲ್ಕು ಕಲ್ಲುಕಂಬ, ಈಗಾಗಲೇ ಇರುವ ಕಾಲುದಾರಿಗೆ ಗುರುತು, ಶೌಚಾಲಯ ಕೆಳಗೆ ಶಾಲೆಯ ಹತ್ತಿರ, ಬೇಸಿಗೆಯಲ್ಲಿ ಬೆಂಕಿಯ ಮೇಲೆ ಕಣ್ಣಿಡಲು ಇಬ್ಬರು. ಫಲಕ ಹಾಕುವುದಾದರೆ ಮಲೆಯಾಳದ ಜತೆ ಕನ್ನಡವೂ ಇರಲಿ. ಕೇಪುಳ, ಕುಂಟಾಲ ಎಂಬ ಹೆಸರು ಗೊತ್ತಿರುವ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಹಕ್ಕಿಗಳ ದಾಖಲೆ ಬರೆಯಬೇಕು. ಮುಖ್ಯ ಜಾಗಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ರಾಜ್ಯ ಸರ್ಕಾರಕ್ಕೆ ಇದೇ ಕಾಯ್ದೆಯ 37ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. 2025ರ ಡಿಸೆಂಬರ್ ಚುನಾವಣೆಯಲ್ಲಿ ಆರಿಸಿಬಂದ ಆಡಳಿತ ಸಮಿತಿಗಳ ಮುಂದೆ ಐದು ವರ್ಷಗಳಿವೆ. ಗ್ರಾಮಸಭೆಯಲ್ಲಿ ರಸ್ತೆ, ದಾರಿದೀಪ, ಮನೆ ಪಟ್ಟಿಯ ಮಾತು ಮುಗಿದ ಮೇಲೆ ತಮ್ಮ ಊರಿನ ಪದವು ದಾಖಲೆಯಲ್ಲಿ ಯಾವ ಹೆಸರಿನಲ್ಲಿದೆ, ಕೋರೆಗೆ ಪರವಾನಗಿ ಎಷ್ಟು ಕಡೆ ಇದೆ ಎಂದು ಯಾರಾದರೊಬ್ಬರು ಎದ್ದು ಕೇಳಿದರೆ, ಉತ್ತರ ಕಡತದಲ್ಲೇ ಇದೆ.