ಚೆನ್ನಮ್ಮನ ಪ್ರತಿಮೆ ಯಾರಿಗೆ ಅಡ್ಡ?

ಕಿತ್ತೂರು ರಾಣಿ ಚೆನ್ನಮ್ಮನ ಪ್ರತಿಮೆಗಳು ಸಂಚಾರಕ್ಕೆ ಅಡ್ಡ, ವರ್ಷಕ್ಕೊಮ್ಮೆ ಹಾರ ಹಾಕುವುದಕ್ಕಷ್ಟೇ ಉಪಯೋಗ ಎಂಬ ಲೇಖನ ಓದಿ ಸಿಟ್ಟು ಬಂತು. ಹುಬ್ಬಳ್ಳಿಯಲ್ಲಿ ಆಟೋದವನಿಗೆ ‘ಚೆನ್ನಮ್ಮ ಸರ್ಕಲ್’ ಅಂದರೆ ಸಾಕು, ಮರುಮಾತಿಲ್ಲ. ಶಾಲೆಯ ಪಾಠ ಮರೆತವರ ಬಾಯಲ್ಲೂ ಆ ಹೆಸರು ಉಳಿದಿರುವುದು ಕುದುರೆ ಏರಿ ಕತ್ತಿ ಹಿಡಿದ ಆ ಪ್ರತಿಮೆಯಿಂದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. 1857ರ ದಂಗೆಗಿಂತ 33 ವರ್ಷ ಮೊದಲಿನ ಮಾತಿದು. ಆದರೂ ಸಂಸತ್ ಭವನದ ಆವರಣದಲ್ಲಿ ರಾಣಿಗೆ ಜಾಗ ಸಿಕ್ಕಿದ್ದು 2007ರಲ್ಲಿ! ಪ್ರತಿಮೆ ಅತಿಯಾಯಿತು ಎನ್ನುವವರು ಈ ಲೆಕ್ಕ ನೋಡಲಿ.

ಹಾರವೊಂದೇ ಸಾಲದು ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ಪ್ರತಿಮೆ ಕಿತ್ತುಹಾಕುವುದು ಪರಿಹಾರವೇ? ನನ್ನ ತಕರಾರು ಬೇರೆ. ಬಹುಪಾಲು ಪ್ರತಿಮೆಗಳಲ್ಲಿ ಯುದ್ಧಕ್ಕೆ ಹೊರಟ ರಾಣಿಯಷ್ಟೇ ಇದ್ದಾಳೆ. ಕೋಟೆ ಬಿದ್ದ ಮೇಲೆ ಬೈಲಹೊಂಗಲದ ಸೆರೆಯಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಕಳೆದು, 1829ರಲ್ಲಿ ಅಲ್ಲೇ ಪ್ರಾಣಬಿಟ್ಟ ಚೆನ್ನಮ್ಮ ಎಲ್ಲಿ? ದತ್ತುಮಗನ ಹಕ್ಕಿಗಾಗಿ ಈಸ್ಟ್ ಇಂಡಿಯಾ ಕಂಪನಿಯನ್ನು ಎದುರುಹಾಕಿಕೊಂಡು ಅದಕ್ಕೆ ಇಷ್ಟು ಬೆಲೆ ತೆತ್ತ ಆ ತಾಯಿಯನ್ನೂ ನಮ್ಮ ಶಿಲ್ಪಿಗಳು ಕಡೆಯಲಿ. ಆಕೆಯ ಸಮಾಧಿ ಬೈಲಹೊಂಗಲದಲ್ಲೇ ಇದೆ. ಕಿತ್ತೂರು ಉತ್ಸವಕ್ಕೆ ಬರುವ ಶಾಲೆ ಮಕ್ಕಳನ್ನು ತಪ್ಪದೆ ಅಲ್ಲಿಗೂ ಕರೆದೊಯ್ಯಿರಿ.